ಡ್ಯೂಟಿ ಮೇಲೆ ಮಲೆನಾಡಿಗೆ ಬಂದವರಿಗೆ ಲಾಡ್ಜ್ ರೂಮಿನ ಲೆಕ್ಕಾಚಾರ

ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಆಟೋ ಹತ್ತಿ ‘ಒಳ್ಳೆ ಹೋಟೆಲ್‌ಗೆ ಬಿಡಿ’ ಅಂದರೆ ದೋಸೆ ಚೆನ್ನಾಗಿರುವ ಕಡೆ ಇಳಿಸಿದರೂ ಆಶ್ಚರ್ಯವಿಲ್ಲ. ಇಲ್ಲಿ ಹೋಟೆಲ್ ಅಂದರೆ ಮೊದಲು ಊಟ, ತಿಂಡಿ. ಮಲಗುವ ಜಾಗಕ್ಕೆ ಲಾಡ್ಜ್ ಅನ್ನಬೇಕು. ಜೋಗ ನೋಡಲು ಬಂದವರಿಗೆ ಇಂಥ ಸಣ್ಣಪುಟ್ಟ ಎಡವಟ್ಟು ತಮಾಷೆ. ಬ್ಯಾಂಕ್ ಆಡಿಟ್‌ಗೋ ಫ್ಯಾಕ್ಟರಿ ಇನ್‌ಸ್ಪೆಕ್ಷನ್‌ಗೋ ಕೋರ್ಟ್ ಕೇಸಿಗೋ ಬಂದವರ ಕಥೆ ಬೇರೆ. ರಾತ್ರಿ ಎಷ್ಟೊತ್ತಿಗೆ ಮಲಗಿದರೂ ಬೆಳಗ್ಗೆ ಹತ್ತಕ್ಕೆ ಇಸ್ತ್ರಿ ಅಂಗಿ ತೊಟ್ಟು ಕಡತದ ಮುಂದೆ ಕೂತಿರಬೇಕು, ಅಷ್ಟರಲ್ಲಿ ಹೆಡ್ ಆಫೀಸಿನಿಂದ ಎರಡು ಫೋನ್ ಬಂದಿರುತ್ತದೆ. ಅಂಥವರು ರೂಮು ಹಿಡಿಯುವಾಗ ಬಾಡಿಗೆ, ಎಸಿ, ಟಿವಿ ನೋಡಿ ಮೋಸ ಹೋಗುತ್ತಾರೆ. ಕೆಡುವುದು ನಿದ್ದೆ, ಬಿಸಿನೀರು ಮತ್ತು ಒಣ ಬಟ್ಟೆಯ ವಿಷಯದಲ್ಲಿ. ಇವುಗಳಲ್ಲಿ ಹೆಚ್ಚಿನದು ಊರು ಬಿಡುವ ಮುಂಚೆ ಮಾಡುವ ಐದು ನಿಮಿಷದ ಫೋನಿನಲ್ಲೇ ತೀರ್ಮಾನವಾಗುತ್ತದೆ. ಸೂಟ್‌ಕೇಸ್ ಹಿಡಿದು ಕೌಂಟರ್ ಮುಂದೆ ನಿಂತ ಮೇಲೆ ನಿಮ್ಮ ಮಾತಿಗೆ ತೂಕವಿಲ್ಲ.

ಮೊದಲು ಯಾವ ಊರು ಅಂತ ನೋಡಿ

ಶಿವಮೊಗ್ಗದಲ್ಲಿ ಉಳಿದು ದಿನಾ ಸಾಗರಕ್ಕೆ ಹೋಗಿ ಬರುತ್ತೇನೆ ಅನ್ನುವುದು ಮ್ಯಾಪ್ ನೋಡಿ ಹಾಕುವ ಲೆಕ್ಕ. ಸಾಗರ ಎಪ್ಪತ್ತು ಕಿಲೋಮೀಟರ್ ಚಿಲ್ಲರೆ, ತೀರ್ಥಹಳ್ಳಿ ಅರವತ್ತು. ಹೋಗಿ ಬರುವುದಕ್ಕೆ ಮೂರರಿಂದ ನಾಲ್ಕು ಗಂಟೆ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಆ ದಿನದ ಕೆಲಸ ಹೋಯಿತು. ಎರಡು ದಿನಕ್ಕಿಂತ ಹೆಚ್ಚು ಕೆಲಸವಿದ್ದರೆ ಆ ತಾಲ್ಲೂಕು ಕೇಂದ್ರದಲ್ಲೇ ರೂಮು ಮಾಡಿ. ಸೌಕರ್ಯ ಒಂದು ಮೆಟ್ಟಿಲು ಕಡಿಮೆ ಇದ್ದರೂ ನಿದ್ದೆ ಎರಡು ಗಂಟೆ ಹೆಚ್ಚು ಸಿಗುತ್ತದೆ. ಭದ್ರಾವತಿ ಹಾಗಲ್ಲ. ಇಪ್ಪತ್ತು ಕಿಲೋಮೀಟರ್ ಒಳಗೆ, ಬಸ್ಸಿಗೆ ಕಾಯುವುದೂ ಇಲ್ಲ. ಅಲ್ಲಿಯ ಕೆಲಸಕ್ಕಾಗಲಿ, ನಡುವೆ ಸಿಗುವ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶಕ್ಕಾಗಲಿ ಶಿವಮೊಗ್ಗದ ಬಿ.ಎಚ್. ರಸ್ತೆಯ ಲಾಡ್ಜ್ ಸಾಕು.

ದುರ್ಗಿಗುಡಿ, ನೆಹರೂ ರಸ್ತೆ, ಗಾಂಧಿ ಬಜಾರ್ ಕಡೆ ಉಳಿದರೆ ಊಟ, ಜೆರಾಕ್ಸ್, ಔಷಧಿ ಅಂಗಡಿ ಎಲ್ಲ ಕಾಲಳತೆಯಲ್ಲಿ; ಆದರೆ ಕಾರು ನಿಲ್ಲಿಸಲು ಜಾಗವಿರುವುದಿಲ್ಲ. ಸ್ವಂತ ಗಾಡಿಯಲ್ಲಿ ಬರುವವರಿಗೆ ಸಾಗರ ರಸ್ತೆ ಅಥವಾ ಸವಳಂಗ ರಸ್ತೆ ಕಡೆ ನೆಮ್ಮದಿ.

ತಾರೀಖನ್ನೂ ಒಮ್ಮೆ ಪಂಚಾಂಗದಲ್ಲಿ ನೋಡಿ. ಆಡಿಟರ್ ಪಂಚಾಂಗ ನೋಡುವುದೇ ಅಂತ ನಗಬೇಡಿ. ಒಳ್ಳೆ ಮುಹೂರ್ತ ಇರುವ ಭಾನುವಾರದ ಹಿಂದು ಮುಂದೆ ಛತ್ರದ ಅಕ್ಕಪಕ್ಕದ ಲಾಡ್ಜುಗಳನ್ನು ಮದುವೆ ಮನೆಯವರು ಸಾರಾಸಗಟು ಹಿಡಿದಿರುತ್ತಾರೆ. ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ರೂಮು ಸಿಗುವುದಿಲ್ಲ, ಸಿಕ್ಕರೂ ಮೈಕಿನ ಸದ್ದಿಗೆ ನಿದ್ದೆ ಬರುವುದಿಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಜೋಗ ತುಂಬಿದಾಗ ಶನಿವಾರ ಭಾನುವಾರ ಸಾಗರದ ಗತಿಯೂ ಅದೇ. ಗಣಪತಿ ವಿಸರ್ಜನೆಯ ದೊಡ್ಡ ಮೆರವಣಿಗೆ ಇರುವ ದಿನ ಶಿವಮೊಗ್ಗದ ಒಳರಸ್ತೆಗಳು ಗಂಟೆಗಟ್ಟಲೆ ಬಂದ್ ಆಗುತ್ತವೆ, ಆವತ್ತು ಪ್ರಯಾಣ ಇಟ್ಟುಕೊಳ್ಳಬೇಡಿ.

ಸರ್ಕಾರಿ ಕೆಲಸದವರಿಗೆ ಪ್ರವಾಸಿ ಮಂದಿರ, ಅಂದರೆ ಐಬಿ, ಇದೆ. ಅಗ್ಗ, ವಿಶಾಲ, ಎದುರಿಗೆ ಮರಗಿಡ. ಆದರೆ ಮಂತ್ರಿಗಳ ಕಾರ್ಯಕ್ರಮ ಬಿತ್ತೆಂದರೆ ಕಾಯ್ದಿರಿಸಿದ ರೂಮೂ ಕೈತಪ್ಪುತ್ತದೆ. ಐಬಿ ಹೇಳಿಟ್ಟವರು ಒಂದು ಲಾಡ್ಜ್ ನಂಬರನ್ನೂ ಜೇಬಿನಲ್ಲಿಟ್ಟುಕೊಂಡೇ ಬರಬೇಕು.

ಫೋನಿನಲ್ಲಿ ಕೇಳುವುದು

ಆ್ಯಪಿನಲ್ಲಿ ಬುಕ್ ಮಾಡಿದರೂ ಲಾಡ್ಜಿನ ಕೌಂಟರಿಗೆ ಒಮ್ಮೆ ಫೋನ್ ಮಾಡಿ. ಎಲ್ಲಕ್ಕಿಂತ ಮೊದಲ ಪ್ರಶ್ನೆ: ‘ಸಾರ್, ನಿಮ್ಮಲ್ಲಿ 24 ಗಂಟೆ ಚೆಕ್‌ಔಟೋ, ಮಧ್ಯಾಹ್ನ 12ರದೋ?’

ಇದರಲ್ಲಿ ಒಂದಿಡೀ ದಿನದ ಬಾಡಿಗೆ ಅಡಗಿದೆ. ಬೆಂಗಳೂರಿನಿಂದ ರಾತ್ರಿ ಹತ್ತೂವರೆ, ಹನ್ನೊಂದರ ಬಸ್ಸು ಹತ್ತಿದರೆ ಬೆಳಗಿನ ಜಾವ ಐದರ ಹೊತ್ತಿಗೆ ಶಿವಮೊಗ್ಗ. 24 ಗಂಟೆ ಪದ್ಧತಿಯಿದ್ದರೆ ಐದಕ್ಕೆ ಕೀ ತೆಗೆದುಕೊಂಡವರು ಮಾರನೆಯ ದಿನ ಐದರವರೆಗೆ ಇರಬಹುದು. 12ರ ಪದ್ಧತಿಯಲ್ಲಿ ಅದೇ ಐದರಿಂದ ಹನ್ನೆರಡರ ಏಳು ಗಂಟೆಗೇ ಒಂದು ದಿನ ಮುಗಿಯುತ್ತದೆ. ನೀವೋ ಅಷ್ಟರಲ್ಲಿ ಆಫೀಸಿನಲ್ಲಿರುತ್ತೀರಿ. ‘ಬೆಳಗ್ಗೆ ಐದಕ್ಕೆ ಬರ್ತೀನಿ, ಅರ್ಲಿ ಚೆಕ್‌ಇನ್‌ಗೆ ಎಷ್ಟು ತಗೋತೀರಿ?’ ಅಂತ ಫೋನಿನಲ್ಲೇ ಕೇಳಿದರೆ ಅರ್ಧ ಬಾಡಿಗೆಗೆ ಒಪ್ಪುವವರಿದ್ದಾರೆ, ರೂಮು ಖಾಲಿಯಿದ್ದರೆ ಹಾಗೇ ಬಿಡುವವರೂ ಇದ್ದಾರೆ. ಒಪ್ಪಿದರೆ ಅದನ್ನು ವಾಟ್ಸ್‌ಆ್ಯಪಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಹಗಲಿನವರು ಒಪ್ಪಿದ್ದು ಬೆಳಗಿನ ಜಾವದ ಕೌಂಟರಿನವರಿಗೆ ಗೊತ್ತಿರುವುದಿಲ್ಲ.

ಸಂಜೆ ಬೆಂಗಳೂರು ಬಿಡುವ ಜನಶತಾಬ್ದಿಯಲ್ಲಿ ಬರುವವರಿಗೆ ಬೇರೆ ಚಿಂತೆ: ಇಳಿಯುವಾಗ ರಾತ್ರಿ ಹತ್ತರ ಸುಮಾರು, ಅಡುಗೆಮನೆ ಮುಚ್ಚುವ ಹೊತ್ತು. ಭದ್ರಾವತಿ ದಾಟುವಾಗ ಫೋನ್ ಮಾಡಿ ಒಂದು ಮೊಸರನ್ನವನ್ನಾದರೂ ಎತ್ತಿಡಲು ಹೇಳಿ. ಸೋಗಾನೆ ವಿಮಾನ ನಿಲ್ದಾಣ 2023ರಲ್ಲಿ ಶುರುವಾದ ಮೇಲೆ ಹಾರಿ ಬರುವವರೂ ಇದ್ದಾರೆ. ಅಲ್ಲಿಂದ ಊರಿಗೆ ಹದಿನೈದು ಕಿಲೋಮೀಟರ್ ಆಸುಪಾಸು. ಮಳೆಗಾಲದಲ್ಲಿ ಮೋಡ ತಗ್ಗಿಗೆ ಇಳಿದು ರನ್‌ವೇ ಕಾಣದಿದ್ದರೆ ವಿಮಾನ ಇಳಿಸುವುದಿಲ್ಲ. ಹತ್ತು ಗಂಟೆಯ ಮೀಟಿಂಗಿಗೆ ಅದೇ ಬೆಳಗಿನ ವಿಮಾನ ನಂಬುವುದು ಜೂಜು. ಹಿಂದಿನ ರಾತ್ರಿಯೇ ಬಂದು ಮಲಗಿ.

ಫೋನ್ ಇಡುವ ಮುಂಚೆ ಇನ್ನೂ ನಾಲ್ಕು ಮಾತು. ಬಿಸಿನೀರು ಸೋಲಾರೋ, ಗೀಸರೋ? ಕರೆಂಟು ಹೋದರೆ ಜನರೇಟರ್ ಇದೆಯೋ, ಬರೀ ಯುಪಿಎಸ್ಸೋ? ಕೆಳಗೆ ಬಾರ್ ಅಥವಾ ಪಾರ್ಟಿ ಹಾಲ್ ಇದೆಯೇ? ಕಂಪನಿ ಹೆಸರಿಗೆ ಜಿಎಸ್‌ಟಿ ಬಿಲ್ ಕೊಡುತ್ತೀರಾ? ಮೂರನೆಯದಕ್ಕೆ ‘ಇದೆ’ ಅಂದರೆ ಹಿಂಬದಿಯ ಮೇಲಿನ ಮಹಡಿ ಕೇಳಿ. ಬರೀ ‘ರೋಡ್ ಸೈಡ್ ಬೇಡ’ ಅಂದರೆ ಸಾಲದು, ಜನರೇಟರ್ ಹಿತ್ತಿಲಲ್ಲಿದ್ದರೆ ಹಿಂಬದಿಯ ರೂಮಿಗೆ ಅದರ ಗುಡುಗೂ ಹೊಗೆಯೂ ತಪ್ಪದು. ಲಿಫ್ಟಿನ ಪಕ್ಕದ್ದೂ ಬೇಡ. ಬಸ್ ಸ್ಟ್ಯಾಂಡಿನ ಎದುರಿನ ರೂಮಿನಲ್ಲಿ ಅಲಾರಂ ಬೇಕಿಲ್ಲ. ಬೆಳಗಿನ ಜಾವ ನಾಲ್ಕರಿಂದಲೇ ಊರುಗಳ ಹೆಸರು ಕೂಗುವುದು ಕಿವಿಗೆ ಬೀಳುತ್ತದೆ. ಹೋಂಸ್ಟೇಯಾದರೆ ಮಾಡು ಶೀಟಿನದೋ ಹೆಂಚಿನದೋ ಕೇಳಿ. ಶೀಟಿನ ಮೇಲೆ ಆಷಾಢದ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ, ವಿಡಿಯೋ ಕಾಲ್ ಅಂತೂ ದೂರವೇ ಉಳಿಯಿತು.

ಬ್ಯಾಗ್ ಬಿಚ್ಚುವ ಮುಂಚೆ

ಕೌಂಟರಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇಲ್ಲದ್ದರಿಂದ ಸಾಮಾನ್ಯವಾಗಿ ಒಪ್ಪುವುದಿಲ್ಲ. ಡ್ರೈವಿಂಗ್ ಲೈಸೆನ್ಸ್ ಒಳ್ಳೆಯದು. ಆಧಾರ್ ಕೊಡುವುದಾದರೆ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿಯನ್ನು ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ.

ರೂಮಿಗೆ ಹೋದ ಮೇಲೆ ಮೊದಲ ಹತ್ತು ನಿಮಿಷ ಹಾಸಿಗೆ ಮೇಲೆ ಕೂರಬೇಡಿ, ಬಾತ್‌ರೂಮ್ ಬಳಸಬೇಡಿ. ಕಾರಣ ಸರಳ: ಮುಟ್ಟದ ರೂಮನ್ನು ಅವರು ಹಾಗೇ ಬೇರೆಯವರಿಗೆ ಕೊಡಬಹುದು, ಆದ್ದರಿಂದ ಬದಲಿಸಿಕೊಡಲು ತಕರಾರಿಲ್ಲ. ಹಾಸಿಗೆ ಮುದುರಿದ, ನೆಲ ಒದ್ದೆಯಾದ ರೂಮನ್ನು ಮತ್ತೆ ಗುಡಿಸಿ ಒರೆಸಬೇಕು. ಆಗ ‘ಬೇರೆ ರೂಮಿಲ್ಲ ಸಾರ್’ ಅನ್ನುವ ಉತ್ತರ ಬರುತ್ತದೆ.

ಬಾಗಿಲು ತೆರೆದ ಕೂಡಲೇ ಮೂಗಿಗೆ ಕೆಲಸ ಕೊಡಿ. ಮಲೆನಾಡಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮುಚ್ಚಿಟ್ಟ ರೂಮಿಗೆ ಅಷ್ಟಿಷ್ಟು ಮುಗ್ಗಲು ವಾಸನೆ ಸಹಜ; ಫ್ಯಾನ್ ಹಾಕಿ ಕಾಲು ಗಂಟೆಯಲ್ಲಿ ಕಡಿಮೆಯಾದರೆ ಸರಿ. ದಿಂಬಿನಿಂದಲೇ ವಾಸನೆ ಬರುತ್ತಿದ್ದರೆ, ಗೋಡೆಯ ಮೂಲೆಯಲ್ಲಿ ಕಪ್ಪು ಬೂಸ್ಟು ಕಟ್ಟಿದ್ದರೆ ಅಲ್ಲಿ ಮೂರು ರಾತ್ರಿ ಮಲಗಿ ಸೀನುತ್ತಾ ಆಫೀಸಿಗೆ ಹೋಗುವುದು ಬೇಡ. ಆಮೇಲೆ ಮೊಬೈಲ್ ಟಾರ್ಚ್ ಹಾಕಿ ತಲೆಭಾಗದ ಬೆಡ್‌ಶೀಟ್ ಎತ್ತಿ, ಹಾಸಿಗೆಯ ಅಂಚಿನುದ್ದಕ್ಕೂ ಹೊಲಿದ ದಪ್ಪ ಪಟ್ಟಿಯನ್ನು ಬೆರಳಿನಿಂದ ಬಿಡಿಸಿ ನೋಡಿ. ಪೆನ್ನಿನ ಮೊನೆ ತಾಗಿಸಿದಂಥ ಕಪ್ಪು ಚುಕ್ಕೆಗಳ ಸಾಲಿದ್ದರೆ ಅದು ತಿಗಣೆಯ ಹಿಕ್ಕೆ. ಒಂದು ಹನಿ ನೀರಿನಲ್ಲಿ ಒರೆಸಿದರೆ ಕಂದು ಬಣ್ಣ ಹರಡುತ್ತದೆ, ಸಾಮಾನ್ಯ ಕೊಳೆ ಹಾಗೆ ಹರಡುವುದಿಲ್ಲ. ಮಂಚದ ತಲೆಹಲಗೆ ಗೋಡೆಗೆ ತಾಗುವ ಸಂದಿಯನ್ನೂ ನೋಡಿ. ಚುಕ್ಕೆ ಕಂಡರೆ ಪಕ್ಕದ ರೂಮೂ ಬೇಡ, ಬೇರೆ ಮಹಡಿ ಕೇಳಿ. ತಿಗಣೆ ಗೋಡೆ ದಾಟುತ್ತದೆ. ಬ್ಯಾಗನ್ನು ನೆಲಕ್ಕೋ ಮಂಚಕ್ಕೋ ಹಾಕದೆ ಮೇಜಿನ ಮೇಲಿಡುವ ಅಭ್ಯಾಸ ಎಲ್ಲೇ ಹೋದರೂ ಒಳ್ಳೆಯದು.

ಬಾಗಿಲ ಚಿಲಕ, ಕಿಟಕಿ, ಫ್ಲಶ್, ಕೊಳಾಯಿ ಇವನ್ನೆಲ್ಲ ನೋಡಲು ಒಂದು ನಿಮಿಷ. ಬೇಡವಾದದ್ದನ್ನು ಹೇಳುವಾಗ ದನಿ ಎತ್ತಬೇಡಿ. ‘ಮಾರಾಯ್ರೆ, ನಾಲ್ಕು ದಿನ ಇರ್ತೀನಿ, ಸ್ವಲ್ಪ ಒಣಗಿರೋ ರೂಮ್ ನೋಡಿ ಕೊಡಿ’ ಅಂದರೆ ಇಲ್ಲಿ ಕೆಲಸ ಬೇಗ ಆಗುತ್ತದೆ. ರೂಮ್ ಬಾಯ್‌ಗೆ ಕೊಡುವ ಇನಾಮು ಹೊರಡುವ ದಿನಕ್ಕಿಂತ ಬಂದ ದಿನವೇ ಕೊಡುವುದು ಲೇಸು. ಹೊರಡುವಾಗ ಕೊಟ್ಟದ್ದು ಮುಂದಿನ ಗಿರಾಕಿಗೆ ಉಪಯೋಗ.

ಬಿಸಿನೀರಿನ ಗಣಿತ

ಸೋಲಾರ್ ಬಿಸಿನೀರು ಬೇಸಿಗೆಯಲ್ಲಿ ಧಾರಾಳ. ಒಂದು ವಾರ ಸೂರ್ಯನ ಮುಖ ಕಾಣದ ಜುಲೈನಲ್ಲಿ ಅದೇ ಕೊಳಾಯಿಯಲ್ಲಿ ಬರುವುದು ಉಗುರುಬೆಚ್ಚಗಿನ ನೀರು. ಇಂಥ ಕಡೆ ‘ಬೆಳಗ್ಗೆ 6ರಿಂದ 9’ ಎಂಬ ಬೋರ್ಡು ಇರುತ್ತದೆ. ಆರಕ್ಕೇ ಮುಗಿಸಿಕೊಳ್ಳಿ, ಎಂಟೂವರೆಗೆ ಎಲ್ಲ ರೂಮಿನವರೂ ಒಟ್ಟಿಗೆ ತಿರುಗಿಸುತ್ತಾರೆ. ಮೊದಲು ಬರುವ ತಣ್ಣೀರು ಪೈಪಿನಲ್ಲಿ ರಾತ್ರಿಯಿಡೀ ನಿಂತದ್ದು. ಅದನ್ನು ಬಕೆಟ್ಟಿಗೆ ಹಿಡಿದು ಬದಿಗಿಡಿ, ಬೆರೆಸಲು ಬೇಕಾಗುತ್ತದೆ.

ಗೀಸರಾದರೆ ಲೆಕ್ಕ ಖಚಿತ. 15 ಲೀಟರಿನ, 2000 ವ್ಯಾಟಿನ ಗೀಸರ್ 20 ಡಿಗ್ರಿಯ ನೀರನ್ನು 60 ಡಿಗ್ರಿಗೆ ತರಲು ಇಪ್ಪತ್ತೊಂದು ನಿಮಿಷ ಬೇಕು. ಆ ಹದಿನೈದು ಲೀಟರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಮೈಗೆ ಹಿತವಾದ 40 ಡಿಗ್ರಿಯ ಎರಡು ಬಕೆಟ್. ಅಂದರೆ ಒಬ್ಬರಿಗೆ ತಲೆಸ್ನಾನ. ಜೊತೆಗಾರರಿದ್ದರೆ ಅವರು ಮತ್ತೆ ಇಪ್ಪತ್ತು ನಿಮಿಷ ಕಾಯಬೇಕು. ಎಂಟೂವರೆಗೆ ಇಬ್ಬರೂ ಸಿದ್ಧರಾಗಬೇಕಾದರೆ ಮೊದಲನೆಯವರು ಏಳೂವರೆಗೇ ಸ್ವಿಚ್ ಹಾಕಬೇಕು. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಗೀಸರಿನ ಶಕ್ತಿ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಸುಮಾರು ಶೇ 40ರಷ್ಟು ಕುಸಿಯುತ್ತದೆ. ಆಗ ಇಪ್ಪತ್ತೊಂದು ನಿಮಿಷ ಮೂವತ್ತೈದಾಗುತ್ತದೆ. ಟ್ಯೂಬ್‌ಲೈಟ್ ಮಿಣುಕುತ್ತಿದ್ದರೆ, ಫ್ಯಾನ್ ನಿಧಾನವಾಗಿದ್ದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಸ್ನಾನಕ್ಕೆ ಇಳಿಯುವ ಮುಂಚೆ ಗೀಸರ್ ಸ್ವಿಚ್ ಆರಿಸುವುದನ್ನು ಮರೆಯಬೇಡಿ, ಹಳೇ ಕಟ್ಟಡದ ಅರ್ತಿಂಗ್ ಹೇಗಿದೆಯೋ ಯಾರಿಗೆ ಗೊತ್ತು.

ಒದ್ದೆ ಅಂಗಿ

ಮಳೆಗಾಲದಲ್ಲಿ ನಾಲ್ಕು ದಿನಕ್ಕೆ ಎರಡು ಅಂಗಿ ತಂದು ಒಗೆದು ಹಾಕಿಕೊಳ್ಳುತ್ತೇನೆ ಅನ್ನುವವರು ಇಲ್ಲಿ ಸೋಲುತ್ತಾರೆ. ಹೊರಗಿನ ಗಾಳಿಯೇ ನೀರು ಕುಡಿದು ತೃಪ್ತವಾಗಿರುವಾಗ ಬಟ್ಟೆಯ ನೀರನ್ನು ಅದು ತೆಗೆದುಕೊಳ್ಳುವುದಾದರೂ ಹೇಗೆ? ದಿನಕ್ಕೊಂದರಂತೆ ಅಂಗಿ, ಮೇಲೆ ಒಂದು ಹೆಚ್ಚು. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತದ್ದಾದರೆ ಉತ್ತಮ. ಜೀನ್ಸ್ ಎರಡು ರಾತ್ರಿಯಾದರೂ ಒಣಗದು, ಮನೆಯಲ್ಲೇ ಬಿಡಿ.

ಒಗೆಯಲೇಬೇಕಾಗಿ ಬಂದರೆ ಸಂಜೆ ಏಳರೊಳಗೆ ಒಗೆಯಿರಿ. ಕೈಯಲ್ಲಿ ಹಿಂಡಿದ ಅಂಗಿಯನ್ನು ಒಣ ಟವೆಲ್ ಮೇಲೆ ಹರಡಿ, ತೋಳು ಒಳಗೆ ಮಡಚಿ, ಚಾಪೆಯಂತೆ ಟವೆಲ್ ಸಮೇತ ಬಿಗಿಯಾಗಿ ಸುತ್ತಿ, ಆ ಸುರುಳಿಯ ಮೇಲೆ ಮೊಣಕಾಲೂರಿ ಈ ತುದಿಯಿಂದ ಆ ತುದಿಗೆ ಒತ್ತುತ್ತಾ ಹೋಗಿ. ಬಿಚ್ಚಿದಾಗ ಟವೆಲ್ ತೊಯ್ದಿರುತ್ತದೆ, ಅಂಗಿ ಬರೀ ತಂಪಾಗಿರುತ್ತದೆ. ಹ್ಯಾಂಗರಿಗೆ ಹಾಕಿ ಗುಂಡಿ ಬಿಚ್ಚಿ, ಕಾಲರ್ ಎತ್ತಿ, ಫ್ಯಾನಿನ ನೇರ ಕೆಳಗಲ್ಲದೆ ರೆಕ್ಕೆಯ ತುದಿಗೆ ಸರಿಯಾಗಿ ನೇತುಹಾಕಿ. ನಡುವಿನಲ್ಲಿ ಗಾಳಿ ಕಡಿಮೆ. ಮಳೆ ಸುರಿಯುತ್ತಿರುವಾಗ ಕಿಟಕಿ ಮುಚ್ಚಿ, ಬಾತ್‌ರೂಮ್ ಬಾಗಿಲೂ ಮುಚ್ಚಿ. ಎಸಿ ಇದ್ದರೆ ಡ್ರೈ ಮೋಡಿಗೆ ಹಾಕಿ, ಗಾಳಿಯ ಪಸೆಯನ್ನು ಅದು ಹೀರಿ ಹೊರಗೆ ಬಿಡುತ್ತದೆ. ಬೆಳಗ್ಗೆ ಕಾಲರ್ ಮತ್ತು ತೋಳಪಟ್ಟಿಯಲ್ಲಿ ಉಳಿದ ತೇವ ಇಸ್ತ್ರಿಗೆ ಹೋಗುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ರಾತ್ರಿಯೇ ತರಿಸಿಟ್ಟುಕೊಳ್ಳಿ. ಇಡೀ ಲಾಡ್ಜಿಗೆ ಒಂದೇ ಇರುವ ಕಡೆ ಬೆಳಗ್ಗೆ ಎಂಟಕ್ಕೆ ಅದು ಯಾವ ರೂಮಿನಲ್ಲಿದೆಯೋ ಹುಡುಕಬೇಕು.

ಶೂ ನೆನೆದರೆ ಒಳಗೆ ಹಳೇ ಪತ್ರಿಕೆ ತುರುಕಿ, ಮಲಗುವ ಮುಂಚೆ ಒಮ್ಮೆ ಕಾಗದ ಬದಲಿಸಿ. ಕಡತಗಳಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಬೇಕೇ ಬೇಕು. ಥಂಡಿ ಹಿಡಿದ ಎ4 ಹಾಳೆ ಮೆತ್ತಗಾಗಿ ಪ್ರಿಂಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಸಿಯನ್ನು 18ಕ್ಕೆ ಇಟ್ಟು ಲ್ಯಾಪ್‌ಟಾಪ್, ಕ್ಯಾಮೆರಾ ತಣ್ಣಗಾಗಿಸಿ ಹೊರಗೊಯ್ದರೆ ಮೇಲೆ ನೀರ ಮಂಜು ಕಟ್ಟುತ್ತದೆ, 26 ಸಾಕು.

ಕರೆಂಟು, ನೆಟ್‌ವರ್ಕು

ಇಲ್ಲಿಗೆ ಕರೆಂಟು ಕೊಡುವ ಕಂಪನಿ ಮೆಸ್ಕಾಂ. ಅದು ನಿರ್ವಹಣಾ ಕೆಲಸಕ್ಕೆ ಕರೆಂಟು ತೆಗೆಯುವ ಪ್ರದೇಶಗಳ ಪಟ್ಟಿ ಹಿಂದಿನ ದಿನ ಸ್ಥಳೀಯ ಪತ್ರಿಕೆಗಳಲ್ಲಿ ‘ವಿದ್ಯುತ್ ವ್ಯತ್ಯಯ’ ಅಂತ ಬರುತ್ತದೆ. ತಿಂಡಿ ತಿನ್ನುವಾಗ ಅದನ್ನು ನೋಡುವ ರೂಢಿ ಮಾಡಿಕೊಳ್ಳಿ. ಗಾಳಿಮಳೆಗೆ ಹೋಗುವ ಕರೆಂಟಿಗೆ ಯಾವ ಪ್ರಕಟಣೆಯೂ ಇಲ್ಲ. ಯುಪಿಎಸ್ ಇದ್ದರೂ ಗೀಸರ್, ಎಸಿ, ಇಸ್ತ್ರಿಯ ದೊಡ್ಡ ಪಾಯಿಂಟ್ ನಡೆಯುವುದಿಲ್ಲ. ಒಂದು ದೀಪ, ಫ್ಯಾನ್, ಹೆಚ್ಚೆಂದರೆ ಟಿವಿಯ ಹಿಂದಿನ ಪ್ಲಗ್. ಆ ಪ್ಲಗ್ ಯಾವುದೆಂದು ರೂಮ್ ಬಾಯನ್ನು ಮೊದಲೇ ಕೇಳಿಟ್ಟುಕೊಂಡರೆ ಕತ್ತಲಲ್ಲಿ ಮೊಬೈಲ್ ಚಾರ್ಜಿಗೆ ದಾರಿಯಾಯಿತು.

ವೈಫೈ ಇದೆ ಅಂದರೆ ಕೌಂಟರಿನಲ್ಲಿ ಇದೆ ಅಂತ ಅರ್ಥ. ವಿಡಿಯೋ ಮೀಟಿಂಗ್ ಇರುವವರು ಬಾಗಿಲು ಮುಚ್ಚಿ, ಮೀಟಿಂಗ್ ಕೂರುವ ಕುರ್ಚಿಯಲ್ಲೇ ಕೂತು ವೇಗ ಪರೀಕ್ಷಿಸಿ. ಡೌನ್‌ಲೋಡ್ ನೋಡಿ ಹಿಗ್ಗಬೇಡಿ, ಅಪ್‌ಲೋಡ್ 2 ಎಂಬಿಪಿಎಸ್‌ಗಿಂತ ಕೆಳಗಿದ್ದರೆ ನಿಮ್ಮ ಮುಖ ಅಲ್ಲಲ್ಲೇ ನಿಲ್ಲುತ್ತದೆ. ಹೊಸನಗರ, ನಗರ (ಇದೂ ಊರಿನ ಹೆಸರೇ), ತೀರ್ಥಹಳ್ಳಿಯ ಒಳಭಾಗಗಳಿಗೆ ಹೋಗುವವರು ಎರಡು ಬೇರೆ ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಿ. ಬೇಕಾದ ಫೈಲು, ಮ್ಯಾಪು ಎಲ್ಲ ಶಿವಮೊಗ್ಗದಲ್ಲೇ ಇಳಿಸಿಕೊಂಡಿರಿ. ಅಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ಫೋನೂ ಮೂಕ. ‘ಸಂಜೆ ಆರರೊಳಗೆ ರಿಪೋರ್ಟ್ ಕಳಿಸ್ತೀನಿ, ಆಮೇಲೆ ಸಿಗ್ನಲ್ ಇರಲ್ಲ’ ಅಂತ ಮೇಲಿನವರಿಗೆ ಬೆಳಗ್ಗೆಯೇ ಹೇಳಿಬಿಡಿ. ರಾತ್ರಿಯ ಫೋನ್‌ಗಳೂ ಅರ್ಧ ಕಡಿಮೆಯಾಗುತ್ತವೆ.

ಹೊಟ್ಟೆ, ಕಾಲು

ಟೆನ್ಷನ್‌ನಲ್ಲಿ ನಾಲ್ಕು ಕಾಫಿ ಕುಡಿದು ಮೂರನೆಯ ದಿನ ಹೊಟ್ಟೆ ಉರಿಸಿಕೊಳ್ಳುವುದು ಮಾಮೂಲು. ಮಧ್ಯಾಹ್ನ ಊಟದಲ್ಲಿ ತಂಬುಳಿ ಇದೆಯೇ ಕೇಳಿ. ಒಂದೆಲಗದ್ದೋ ಶುಂಠಿಯದ್ದೋ ಸಿಕ್ಕರೆ ಸಾರಿಗಿಂತ ಹಗುರ. ಬೆಳಗ್ಗೆ ಎಣ್ಣೆ ತಿಂಡಿಗಿಂತ ಕಡುಬು, ಇಡ್ಲಿ ವಾಸಿ.

ಸೈಟಿಗೆ, ತೋಟಕ್ಕೆ, ಕಾಡಂಚಿಗೆ ಹೋಗುವವರು ಮಳೆಗಾಲದಲ್ಲಿ ಇಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ, ಒಂದು ಪೊಟ್ಟಣ ಉಪ್ಪು ಇಟ್ಟುಕೊಂಡಿರಿ. ಕಚ್ಚಿದ್ದನ್ನು ಕಿತ್ತೆಳೆಯದೆ ಉಗುರಿನಿಂದ ಬಾಯಿಯ ಬಳಿ ಸರಿಸಿ ಬಿಡಿಸಿ. ಡಿಸೆಂಬರ್‌ನಿಂದ ಮೇ ತನಕ ಚಿಂತೆ ಬೇರೆ: ಮಂಗನ ಕಾಯಿಲೆ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಹರಡುವುದು ಉಣುಗಿನ ಕಡಿತದಿಂದ. ಕಾಡಿಗೆ ಹೋಗುವಾಗ ಉದ್ದ ತೋಳಿನ ಬಟ್ಟೆ ತೊಡಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ರೂಮಿಗೆ ಬಂದೊಡನೆ ಆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ವಾರದೊಳಗೆ ಜ್ವರ, ವಿಪರೀತ ತಲೆನೋವು ಬಂದರೆ ನಿಮ್ಮ ಊರಿನ ಡಾಕ್ಟರಿಗೆ ಎಲ್ಲಿಗೆ ಹೋಗಿದ್ದಿರಿ ಅಂತ ಮೊದಲೇ ಹೇಳಿ.

ಬಿಲ್ಲು ಹಿಡಿದು ಹೊರಡುವುದು

ಬಿಲ್ಲನ್ನು ಹಿಂದಿನ ರಾತ್ರಿ ಎಂಟರಿಂದ ಒಂಬತ್ತರೊಳಗೆ ಮಾಡಿಸಿ. ಬೆಂಗಳೂರಿಗೆ ಹೋಗುವ ಜನಶತಾಬ್ದಿ ಬೆಳಗ್ಗೆ ಐದರ ಆಸುಪಾಸಿಗೆ ಬಿಡುತ್ತದೆ. ನಾಲ್ಕೂಕಾಲಿಗೆ ನೀವು ಕೆಳಗಿಳಿದಾಗ ಶಟರ್ ಅರ್ಧ ಎಳೆದಿರುತ್ತದೆ, ಕೌಂಟರಿನ ಹಿಂದೆ ಒಬ್ಬರು ಕಂಬಳಿ ಹೊದ್ದು ಮಲಗಿರುತ್ತಾರೆ, ಕಂಪ್ಯೂಟರಿನ ಪಾಸ್‌ವರ್ಡ್ ಮ್ಯಾನೇಜರಿಗೆ ಮಾತ್ರ ಗೊತ್ತಿರುತ್ತದೆ. ‘ಬಿಲ್ ವಾಟ್ಸ್‌ಆ್ಯಪ್ ಮಾಡ್ತೀವಿ ಸಾರ್’ ಅಂದದ್ದು ಬರುವ ಹೊತ್ತಿಗೆ ಟಿಎ ಕ್ಲೇಮಿನ ತಾರೀಖು ಮುಗಿದಿರುತ್ತದೆ.

ಬಿಲ್ಲಿನಲ್ಲಿ ನೋಡಬೇಕಾದದ್ದು ಕಂಪನಿಯ ಹೆಸರು, ಜಿಎಸ್‌ಟಿ ಸಂಖ್ಯೆಯ ಹದಿನೈದೂ ಅಕ್ಷರ, ಬಂದ ಹೋದ ತಾರೀಖು, ತೆರಿಗೆಯ ದರ. ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 5ರ ಜಿಎಸ್‌ಟಿ, ಅದಕ್ಕೂ ಮೊದಲು ಶೇ 12 ಇತ್ತು. ಹಳೇ ಸಾಫ್ಟ್‌ವೇರಿನಲ್ಲಿ ಹಳೇ ದರ ಉಳಿದಿದ್ದರೆ ಅಲ್ಲೇ ತೋರಿಸಿ ಸರಿ ಮಾಡಿಸಿ. ಆ್ಯಪಿನಲ್ಲಿ ದುಡ್ಡು ಕಟ್ಟಿದ್ದರೆ ಬಿಲ್ ನಾವು ಕೊಡುವುದಿಲ್ಲ ಅನ್ನುವ ಲಾಡ್ಜುಗಳಿವೆ, ಆ್ಯಪಿನವರೂ ರೂಮಿನ ಬಿಲ್ ಲಾಡ್ಜಿನವರದು ಅನ್ನುತ್ತಾರೆ. ಬಿಲ್ ಬೇಕಾದವರು ಹಣವನ್ನು ಕೌಂಟರಿನಲ್ಲೇ ಕಟ್ಟುವ ಆಯ್ಕೆ ಹಿಡಿದರೆ ಈ ಎಳೆದಾಟವೇ ಇಲ್ಲ.

ಬೆಳಗಿನ ಆಟೋವನ್ನು ರಾತ್ರಿಯೇ ಹೇಳಿಡಿ. ನೀವು ಊಟ ಮುಗಿಸಿ ವಾಪಸ್ ಬರುವ ಆಟೋದವರ ನಂಬರನ್ನೇ ತೆಗೆದುಕೊಂಡು, ಬಾಡಿಗೆಯನ್ನೂ ಆಗಲೇ ಮಾತಾಡಿ. ಅಂಗಿ ಫ್ಯಾನಿನ ಕೆಳಗೆ, ಟವೆಲ್ ಬಾಗಿಲ ಹಿಂದೆ ಇರುವುದು ಕಣ್ಣಿಗೆ ಬೀಳುತ್ತದೆ. ಬಿಟ್ಟುಹೋಗುವುದು ಟಿವಿಯ ಹಿಂದಿನ ಆ ಪ್ಲಗ್ಗಿನಲ್ಲಿರುವ ಚಾರ್ಜರ್.